ಹಳೇ ಗ್ರೂಪಿನಲ್ಲೊಬ್ಬ ಕುಕ್ಕಪ್ಪ

"ಗ್ರೂಪನ್ನು ಅಳಿಸಬೇಕೇ?" ಎಂದು ಮೊಬೈಲು ಎರಡನೇ ಸಲ ಕೇಳಿದಾಗ ಶುಕೂರನ ಹೆಬ್ಬೆರಳು ಅಲ್ಲೇ ನಿಂತಿತು. ಪುತ್ತೂರು ಬೊಳುವಾರಿನ ಅವನ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಆಗ ಗಿರಾಕಿ ಯಾರೂ ಇರಲಿಲ್ಲ. ಒಂಬತ್ತು ವರ್ಷ ಸಾಕಿ ಬೆಳೆಸಿದ ರಕ್ತದಾನಿಗಳ ಗ್ರೂಪು, ನಲವತ್ತಮೂರು ಸಾವಿರ ಜನ. ಒಂದು ಬೆರಳಲ್ಲಿ ಮುಗಿಸುವುದೆಂದರೆ ಯಾರಿಗಾದರೂ ಕರುಳು ಚುರುಕ್ ಅನ್ನುತ್ತದೆ. ಕೊನೆಯದಾಗಿ ಒಮ್ಮೆ ನೋಡಿಬಿಡೋಣ ಎಂದು ಒಳಗೆ ಹೋದ.

ಅಲ್ಲಿಂದ ಎದ್ದು ಬಂದು ಐದು ತಿಂಗಳಾಗಿತ್ತು. ಬಂದದ್ದೇನು ಸುಮ್ಮನೆಯೇ? "ತುರ್ತು" ಎಂದು ಬೆಳಿಗ್ಗೆ ಹಾಕಿದ್ದನ್ನು ಆ ಆ್ಯಪಿನ ದೊಡ್ಡ ಕಂಪನಿ ಜನರಿಗೆ ತೋರಿಸುತ್ತಿದ್ದದ್ದು ಮಾರನೇ ದಿನ ಸಂಜೆಗೆ. ಅದರ ಕೆಳಗೆ "ಯಾರ ರಕ್ತ? ಯಾವ ಜಾತಿಗೆ?" ಎಂದು ಕಚ್ಚಾಟ ಬೇರೆ. ರೋಗಿ ಅಲ್ಲಿ, ಜಗಳ ಇಲ್ಲಿ. ಥೂ! ಸುಳ್ಯದಲ್ಲಿ ಕಂಪ್ಯೂಟರ್ ಕಲಿಸುವ ರೂಪೇಶ ದಾರಿ ತೋರಿಸಿದ. "ಯಾವ ಕಂಪನಿಯ ಹಂಗೂ ಬೇಡ ಶುಕೂರಾಕ. ಪುತ್ತೂರಿಗೊಂದು, ಸುಳ್ಯಕ್ಕೊಂದು, ಕಡಬಕ್ಕೊಂದು ಅಂತ ಸಣ್ಣ ಸಣ್ಣ ಬಳಗ ಮಾಡುವ. ಒಂದರಲ್ಲಿ ಹಾಕಿದ್ದು ಉಳಿದದ್ದಕ್ಕೂ ಹೋಗ್ತದೆ. ಯಜಮಾನ ಅಂತ ಯಾರೂ ಇಲ್ಲ." ಹೊಸ ಜಾಗಕ್ಕೆ ಹೋದವರು ಆರುನೂರು ಜನ. "ಸಾಕು, ಬಂದವರು ಬಂಗಾರದಂಥವರು" ಎಂದು ಶುಕೂರನೇ ಹೇಳಿಕೊಂಡು ತಿರುಗಿದ. ಆ ಹಾಳು ಜಾಗದ ಮುಖ ನೋಡುವುದಿಲ್ಲ ಎಂದು ಆ್ಯಪನ್ನು ಮೊಬೈಲಿನಿಂದಲೇ ತೆಗೆದುಹಾಕಿದ್ದ. ಇವತ್ತು ಮತ್ತೆ ಹಾಕಿಕೊಂಡದ್ದು ಗ್ರೂಪನ್ನು ಅಳಿಸಲಿಕ್ಕೆ ಮಾತ್ರ.

ಗ್ರೂಪಿಗೆ ಅವನೇ ಮಾಡಿದ ಒಂದು ಕಟ್ಟಳೆ ಇತ್ತು: ರಕ್ತ ಕೊಡುವವರ ಫೋನ್ ನಂಬರನ್ನು ಯಾರೂ ಬರೆದಿಡಬಾರದು. ಹಿಂದೆ ಬ್ರೋಕರುಗಳು ಹೊತ್ತುಗೊತ್ತಿಲ್ಲದೆ ಫೋನು ಮಾಡಿ ಪೀಡಿಸಿದ್ದರು. ಕೊಡುವವರೇ "ನಾನಿದ್ದೇನೆ" ಎಂದು ಬರೆಯಬೇಕು, ಬರೆದವರು ಹೊರಡಬೇಕು.

ಎರಡು ತಿಂಗಳ ಹಿಂದೆ ಅವನ ಮನೆಗೇ ರಕ್ತ ಬೇಕಾಯಿತು. ತಂಗಿ ಸುಹರಾಳ ಮಗಳು ಆಫ್ರಾಳಿಗೆ ಬೆಳಿಗ್ಗೆ ಪುತ್ತೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಲೇ ಇಲ್ಲ. ಒ ನೆಗೆಟಿವ್. ಹೊಸ ಬಳಗದಲ್ಲಿ ಹತ್ತೇ ನಿಮಿಷಕ್ಕೆ ಇಬ್ಬರು "ನಾನಿದ್ದೇನೆ" ಎಂದರು, ಬಂದರು, ಕೊಟ್ಟರು. ಮೂರನೆಯವರು ಸಿಗಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಹುಡುಗಿ ಹೋದಳು. ಮಗು ಉಳಿಯಿತು. "ನೀನು ಕೇಳದ ಜಾಗ ಇಲ್ಲ, ಅಲ್ಲಾಹ ಕೊಟ್ಟ ಆಯುಸ್ಸೇ ಅಷ್ಟು" ಎಂದು ಸುಹರಾಳೇ ಅಣ್ಣನನ್ನು ಸಮಾಧಾನ ಮಾಡಿದಳು. ಆ ಮಾತೊಂದನ್ನು ಹಿಡಿದುಕೊಂಡು ಅವನು ಇಷ್ಟು ದಿನ ಅನ್ನ ತಿಂದದ್ದು.

ಈಗ ನೋಡಿದರೆ, ಹಳೇ ಗ್ರೂಪಿನ ತುಂಬ ಯಾರ್ಯಾರದೋ ಜಾಹೀರಾತು. ನಡುನಡುವೆ ಒಂದೇ ಹೆಸರು: ಕುಕ್ಕಪ್ಪ, ನೆಟ್ಟಣ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು, ಐವತ್ತೆಂಟು ಸಲ ರಕ್ತ ಕೊಟ್ಟವರು. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂದು ದಿನಾ ಸ್ಟೇಷನ್ನಿಗೆ ಬಂದು ಕೂರುತ್ತಿದ್ದರು. "ಒ ನೆಗೆಟಿವ್. ನಾನಿದ್ದೇನೆ. ಹನ್ನೊಂದೂವರೆಗೆ ರೈಲು ಉಂಟು, ಹೇಳಿದರೆ ಹತ್ತಿ ಬರ್ತೇನೆ." ಮಾರನೇ ದಿನ ಅದೇ. ಅದರ ಮಾರನೇ ದಿನವೂ ಅದೇ. ಒಂದಕ್ಕೂ ಉತ್ತರ ಇಲ್ಲ.

ಶುಕೂರ್ ಬೆರಳಾಡಿಸುತ್ತ ಆಫ್ರಾ ತೀರಿಹೋದ ದಿನಕ್ಕೆ ಹೋದ. ಹೋಗಬಾರದಿತ್ತು. ಬೆಳಿಗ್ಗೆ ಹತ್ತೂಕಾಲು: "ನಾನಿದ್ದೇನೆ. ಯಾರೂ ಎಂತ ಹೇಳುದಿಲ್ಲ. ಆದರೂ ಸಂಜೆವರೆಗೆ ಇಲ್ಲೇ ಇರ್ತೇನೆ."

ಬಿಚ್ಚಿಟ್ಟ ಮಿಕ್ಸಿಯ ಮುಂದೆ ಕೂತು, ಬಾಯಿಗೆ ಕೈ ಒತ್ತಿಕೊಂಡು ಅವನು ಅತ್ತ. ಆಮೇಲೆ ಶಟರ್ ಎಳೆದು ಬೈಕು ಹತ್ತಿದ.

ಕುಕ್ಕಪ್ಪ ನೆಟ್ಟಣ ಸ್ಟೇಷನ್ನಿನ ಪ್ಲಾಟ್‌ಫಾರಂ ಬೆಂಚಿನಲ್ಲೇ ಇದ್ದರು. "ಓಹೋ, ಶುಕೂರ್! ಎಂತ ಮಾರಾಯ, ಬದುಕಿದ್ದೀಯಾ? ನೀವೆಲ್ಲ ಹೋಗಿಯೇಬಿಟ್ಟಿರಲ್ಲ!"

"ಹೊಸ ಜಾಗಕ್ಕೆ ಹೋದೆವು ಕುಕ್ಕಪ್ಪಣ್ಣ. ಹಳೇದರಲ್ಲೇ ಬರೆದು ಹಾಕಿದ್ದೆ. ನೀವು ನೋಡ್ಲಿಲ್ವಾ?"

"ನೋಡಿದೆ. ಒತ್ತಿಯೂ ನೋಡಿದೆ. ನಿಮ್ಮ ಊರಿನ ಬಳಗ ಆರಿಸಿ ಅಂತ ಬಂತು. ಮೂರೇ ಊರು. ನಮ್ಮದು ಆಧಾರಿನಲ್ಲಿ ಪುತ್ತೂರು ಅಂತ ಉಂಟು, ಈಗ ಕೇಳಿದ್ರೆ ಕಡಬ ತಾಲೂಕು ಅಂತಾರೆ. ಎಂತ ಒತ್ತುದು? ತಪ್ಪು ಒತ್ತಿ ನಿಮಗೆಲ್ಲ ಉಪದ್ರ ಆಗುದು ಬೇಡ ಅಂತ ಹಳೇದರಲ್ಲೇ ಕೂತೆ."

ಯಾವುದನ್ನು ಒತ್ತಿದ್ದರೂ ಆಗುತ್ತಿತ್ತು.

"ಮೊನ್ನೆ ಹದಿನಾರಕ್ಕೆ ನಂಗೆ ಅರವತ್ತೈದು ತುಂಬಿತು" ಎಂದರು ಕುಕ್ಕಪ್ಪ. "ಇನ್ನು ನನ್ನ ರಕ್ತ ತೆಗೊಳ್ಳುದಿಲ್ಲಂತೆ. ಕೊನೇದೊಂದು ಸಲ ಕೊಡುವ ಅಂತ ಆಸೆ ಇತ್ತು." ಮತ್ತೆ ಕೇಳಿದರು: "ಅಲ್ಲ, ಇಷ್ಟು ದಿನದಲ್ಲಿ ನಮ್ಮ ಗುಂಪಿನ ರಕ್ತ ಯಾರಿಗಾದ್ರೂ ಬೇಕಾಗಿತ್ತಾ?"

ಶುಕೂರ್ ಹಳಿಯ ಕಡೆ ಮುಖ ತಿರುಗಿಸಿದ.

"ಇಲ್ಲ ಕುಕ್ಕಪ್ಪಣ್ಣ. ಯಾರಿಗೂ ಬೇಕಾಗ್ಲಿಲ್ಲ."

ಕುಕ್ಕಪ್ಪನ ಮುಖ ಅರಳಿತು. "ಹಾಗಾದ್ರೆ ಒಳ್ಳೇದೇ ಆಯ್ತಲ್ಲ ಮಾರಾಯ! ನಾನು ಸುಮ್ಮನೆ ಬೇಜಾರು ಮಾಡಿಕೊಂಡದ್ದು." ಹೆಗಲ ಮೇಲಿನ ಬೈರಾಸಿನಿಂದ ಬೆಂಚಿನ ಧೂಳು ಹೊಡೆದು, ತುದಿಗೆ ಸರಿದು ಜಾಗ ಮಾಡಿದರು. "ಕೂತ್ಕೊ, ಬಂದಾಗಿನಿಂದ ನಿಂತೇ ಇದ್ದೀ."

ಶುಕೂರನಿಗೆ ಆ ಜಾಗದಲ್ಲಿ ಕೂರಲಿಕ್ಕೆ ಆಗಲಿಲ್ಲ.