ಕನ್ನಡಿಗೆ ಬೆನ್ನು ಹಾಕಿದ ಕುರ್ಚಿ

ಆ ಬೀದಿಯ ಕೊನೆಯ ಕ್ಷೌರದಂಗಡಿಗೆ ಮೊದಲ ಸಲ ಹೋದವರು ಬಾಗಿಲಲ್ಲೇ ಒಂದು ಗಳಿಗೆ ಬೆಪ್ಪಾಗಿ ನಿಲ್ಲುತ್ತಾರೆ. ಕನ್ನಡಿಯೇನೋ ಇದೆ, ಗೋಡೆಯುದ್ದಕ್ಕೂ ಇದೆ, ಥಳಥಳ ಹೊಳೆಯುತ್ತಲೂ ಇದೆ. ಕುರ್ಚಿ ಮಾತ್ರ ಅದಕ್ಕೆ ಬೆನ್ನು ಹಾಕಿ, ಬೀದಿಗೆ ಮುಖ ಮಾಡಿ ಕೂತಿದೆ. ತಲೆಯ ಮೇಲೆ ಏನು ನಡೆಯುತ್ತಿದೆ ಎಂಬುದು ದಾರಿಹೋಕರಿಗೆಲ್ಲ ಕಾಣುತ್ತದೆ, ಕುರ್ಚಿಯಲ್ಲಿ ಕೂತವನಿಗೆ ಕಾಣುವುದಿಲ್ಲ. ಸಾಲದ್ದಕ್ಕೆ ಅಂಗಡಿಯವರು ಬಾಚಣಿಗೆ ಎತ್ತುವ ಮೊದಲು ಗಿರಾಕಿಯ ಹಣೆ ಮುಟ್ಟಿ ಮುಟ್ಟಿ ಮೂರು ಸಲ ಕೇಳುತ್ತಾರೆ: "ಬೈತಲೆ ಈ ಕಡೆನಾ? ಈ ಕಡೆನೇ ತಾನೆ? ಯೋಚ್ನೆ ಮಾಡಿ ಹೇಳಿ."

ಯಾಕೆ ಹೀಗೆ ಅಂದರೆ ಅವರದು ಒಂದೇ ಉತ್ತರ. "ಕನ್ನಡಿ ಎಡಗೈನ ಬಲಗೈ ಮಾಡಿ ತೋರಿಸುತ್ತೆ ಸ್ವಾಮಿ. ಒಂದ್ಸಲ ಅದನ್ನ ನಂಬಿ ಕೆಟ್ಟಿದೀನಿ."

ಗಿರಾಕಿಗಳು ನಗುತ್ತಾರೆ. ಅಂಗಡಿಯವರ ಹೆಂಡತಿಯ ತಂಗಿ ಮಾತ್ರ ನಗುವುದಿಲ್ಲ. ಅಕ್ಕನಿಗೆ ಮಂಡಿ ನೋವು, ಮೆಟ್ಟಿಲು ಇಳಿಯಲಾಗದು. ಹಾಗಾಗಿ ಭಾವನಿಗೆ ಮಧ್ಯಾಹ್ನದ ಊಟದ ಡಬ್ಬಿ ತರುವುದು ತಂಗಿಯೇ. ತಂದವಳು ಗೋಡೆ ಬದಿಯ ಬೆಂಚಿನಲ್ಲಿ ಕೂತು, ಆ ಉತ್ತರವನ್ನು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತಾಳೆ.

ಸಿನಿಮಾದವರು ಅವಳನ್ನು ನೋಟ್‌ಬುಕ್ಕಮ್ಮ ಎನ್ನುತ್ತಿದ್ದರು. ಇವತ್ತು ಅರ್ಧ ತೆಗೆದ ದೃಶ್ಯದ ಉಳಿದರ್ಧವನ್ನು ಇನ್ನೊಂದು ತಿಂಗಳಿಗೆ, ಇನ್ನೊಂದು ಕಡೆ ತೆಗೆಯುತ್ತಾರೆ. ಅಂಗಿಯ ಎಷ್ಟನೇ ಗುಂಡಿ ಬಿಚ್ಚಿತ್ತು, ಲೋಟದಲ್ಲಿ ನೀರೆಷ್ಟಿತ್ತು, ಗಾಯ ಯಾವ ಕೈಗೆ ಆಗಿತ್ತು, ಎಲ್ಲವೂ ಎರಡು ಕಡೆಯೂ ಒಂದೇ ಥರ ಇರಬೇಕಲ್ಲ. ಅದನ್ನೆಲ್ಲ ನೋಡಿ ಬರೆದಿಡುವ ಕೆಲಸ ಅವಳದು. ಇಪ್ಪತ್ತೆಂಟು ವರ್ಷ ಮಾಡಿದಳು. ಅವಳು ಬರೆದದ್ದೆಂದರೆ ಬರೆದದ್ದು, ಅದರ ಮೇಲೆ ಮಾತಿಲ್ಲ, ಎಂಬ ಹೆಸರು ಗಳಿಸಿ ನಿವೃತ್ತಳಾದಳು. ಅವಳನ್ನು ಆ ಕೆಲಸಕ್ಕೆ ಸೇರಿಸಿದ್ದು ಭಾವ. ಆಗ ಅವರು ಒಳ್ಳೆಯ ಹೆಸರಿದ್ದ ಮೇಕಪ್ ಮ್ಯಾನ್. "ನಮ್ಮ ನಾದಿನಿ, ಕಣ್ಣು ಚುರುಕು, ಇಟ್ಕೊಳ್ಳಿ" ಎಂದು ಡೈರೆಕ್ಟರ ಮುಂದೆ ಕೈಕಟ್ಟಿ ನಿಂತು ಕೇಳಿದ್ದರು.

ಅವಳ ಮೊದಲ ಸಿನಿಮಾವೇ ಭಾವನ ಕೊನೆಯ ಸಿನಿಮಾ ಆಯಿತು. ಅಂಗಡಿಯಲ್ಲಿ ಅದಕ್ಕೆ ಬ್ಯಾಂಡೇಜ್ ಪಿಕ್ಚರ್ ಎಂದೇ ಹೆಸರು.

ಈಗ, ಮೂವತ್ತೊಂದು ವರ್ಷದ ಮೇಲೆ, ಅದೇ ಪಿಕ್ಚರು ಹೊಸ ಹೀರೋ ಹಾಕಿಕೊಂಡು ಮತ್ತೆ ಬರುತ್ತಿತ್ತು.

ಪಕ್ಕದಂಗಡಿಯ ದರ್ಜಿಗೆ ಬರಲಿರುವ ಸಿನಿಮಾಗಳ ಹುಚ್ಚು. ಕ್ಷೌರದಂಗಡಿಯ ಬಾಗಿಲಿಗೆ ಒಂದು ಹಲಗೆ ತೂಗುಹಾಕಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಮುಂದಿನ ನಾಲ್ಕು ಶುಕ್ರವಾರಗಳ ಬಿಡುಗಡೆಗಳನ್ನು ಬರೆಯುತ್ತಿದ್ದ. ಆ ಶನಿವಾರ ಹಲಗೆಯ ಮೇಲಿನ ಸಾಲಿಗೆ ಬ್ಯಾಂಡೇಜ್ ಪಿಕ್ಚರ್ ಏರಿತ್ತು. ಕುರ್ಚಿಯಲ್ಲಿ ರಿಟೈರ್ಡ್ ಮೇಷ್ಟ್ರು ಕೂತಿದ್ದರು.

"ತಂಗಳನ್ನ ಬಿಸಿ ಮಾಡಿ ಹೊಸ ತಟ್ಟೇಲಿ ಬಡಿಸೋದಕ್ಕೆ ರೀಮೇಕ್ ಅಂತಾರೆ" ಎಂದರು ಮೇಷ್ಟ್ರು. "ಒಂದ್ಸಲ ಚೆನ್ನಾಗಿ ಆಗಿದ್ದನ್ನ ಮತ್ಯಾಕಪ್ಪಾ ಮಾಡ್ಬೇಕು? ಅಷ್ಟು ಆಸೆ ಇದ್ರೆ ಕೆಟ್ಟು ಹೋದ ಪಿಕ್ಚರ್ ತಗೊಂಡು ಒಳ್ಳೇದು ಮಾಡ್ಲಿ."

"ನಿಮ್ಮದೊಳ್ಳೆ ಕಥೆ ಮೇಷ್ಟ್ರೇ" ಎಂದ ದರ್ಜಿ. "ತಾತನ ಕೋಟು ಚೆನ್ನಾಗಿದೆ ಅಂತ ಮೊಮ್ಮಗ ಹಾಗೇ ಹಾಕ್ಕೊಂಡು ಓಡಾಡೋಕಾಗುತ್ತಾ? ಹೊಲಿಗೆ ಬಿಚ್ಬೇಕು, ಅಳತೆ ತೆಗೀಬೇಕು, ಮತ್ತೆ ಹೊಲೀಬೇಕು. ನನ್ನ ಮಕ್ಕಳು ಹಳೇ ಪಿಕ್ಚರ್ ಹಾಕಿದ್ರೆ ಹತ್ತು ನಿಮಿಷಕ್ಕೆ ಎದ್ದೋಗ್ತಾರೆ."

"ಅದು ಪಿಕ್ಚರ್ ತಪ್ಪಲ್ಲ, ಸಾಕಿದವರ ತಪ್ಪು."

"ಹೋಗ್ಲಿ ಬಿಡಿ. ಅಣ್ಣಾ, ನೀವ್ ಹೇಳಿ."

ಭಾವ ಕತ್ತರಿಯನ್ನು ಗಾಳಿಯಲ್ಲೇ ನಿಲ್ಲಿಸಿದರು. "ನಾನೇನ್ ಹೇಳ್ಲಿ. ರೀಮೇಕಿಂದ ಒಂದೇ ಒಂದು ಉಪಕಾರ. ಹಳೇ ತಪ್ಪನ್ನ ತಿದ್ಬೋದು. ಈ ಸಲನಾದ್ರೂ ಬ್ಯಾಂಡೇಜು ಕೊನೇವರೆಗೂ ಎಡಗೈಲೇ ಇರುತ್ತೆ ನೋಡಿ. ಅಷ್ಟು ನೋಡಿಬಿಟ್ರೆ ನನಗೆ ಸಾಕು."

ಅಷ್ಟು ವರ್ಷಗಳಲ್ಲಿ ಅವರು ಯಾವ ಸಿನಿಮಾಕ್ಕೂ ಇಷ್ಟು ಕಾದಿರಲಿಲ್ಲ. ದರ್ಜಿ ಹಲಗೆಯಲ್ಲಿ ದಿನಾಂಕ ಬರೆದಂದಿನಿಂದ ಬೆಳಿಗ್ಗೆ ಶಟರು ಎತ್ತಿದ ಕೂಡಲೇ ಒಮ್ಮೆ ಅದರ ಮುಂದೆ ನಿಲ್ಲುತ್ತಿದ್ದರು. ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ನೋಟ್‌ಬುಕ್ಕಮ್ಮ ತಲೆ ಎತ್ತಲಿಲ್ಲ.

ಅವತ್ತು ನಡೆದದ್ದು ಅವಳಿಗೆ ಒಂದಕ್ಷರವೂ ಮರೆತಿಲ್ಲ. ಕೋರ್ಟಿನ ಪಡಸಾಲೆಯ ದೃಶ್ಯ. ಕೈಗೆ ಬ್ಯಾಂಡೇಜ್ ಕಟ್ಟಿಕೊಂಡ ಹೀರೋ ಬಾಗಿಲ ತನಕ ಬರುವುದನ್ನು ಹನ್ನೆರಡು ದಿನದ ಹಿಂದೆ ತೆಗೆದಾಗಿತ್ತು. ಒಳಗೆ ಬರುವುದು ಬಾಕಿ. ಅವಳು ಕಿಟಕಿಯ ಹತ್ತಿರ ಟೀ ಕುಡಿಯುತ್ತಿದ್ದಳು, ನೋಟ್‌ಬುಕ್ಕು ಆಚೆ ತುದಿಯ ಚೀಲದಲ್ಲಿತ್ತು. ಭಾವ ಮೇಕಪ್ ಕೋಣೆಯಿಂದ ತಲೆ ಹೊರಗೆ ಹಾಕಿ, "ಯಾವ ಕೈ?" ಎಂದು ಕೇಳಿದರು. ಎದ್ದು ಹೋಗಿ ಪುಸ್ತಕ ತೆಗೆಯಬೇಕಿತ್ತು. ಟೀ ಬಿಸಿಯಾಗಿತ್ತು, ಕಾಲು ನೋಯುತ್ತಿತ್ತು, ಅವಳಿಗೆ ಹೀರೋ ಎದುರಿಗೇ ನಿಂತ ಹಾಗೆ ನೆನಪಿತ್ತು. ಎದುರಿಗೆ ನಿಂತವನ ಎಡಗೈ ನೋಡುವವರ ಬಲಕ್ಕೆ ಬರುತ್ತದೆ. ಈ ಕೆಲಸದಲ್ಲಿ ಮೊದಲ ದಿನವೇ ಹೇಳಿಕೊಡುವ ಪಾಠ ಅದು. ಅವಳು ಅದನ್ನೇ ಮರೆತಳು. "ಬಲಗೈ" ಎಂದಳು. ಭಾವ "ಸರಿಯಮ್ಮ" ಎಂದು ಬಲಗೈಗೆ ಕಟ್ಟಿದರು.

ಎರಡು ತುಂಡನ್ನು ಎಡಿಟಿಂಗ್ ಕೋಣೆಯಲ್ಲಿ ಜೋಡಿಸಿದಾಗ, ಹೀರೋ ಗಾಯದ ಎಡಗೈಯಲ್ಲಿ ಬಾಗಿಲು ತಳ್ಳಿದ, ಒಳಗೆ ಬರುವಷ್ಟರಲ್ಲಿ ಗಾಯ ಬಲಗೈಗೆ ಹೋಗಿತ್ತು. ಸೆಟ್ಟು ಅಷ್ಟರಲ್ಲಿ ಕಿತ್ತುಹಾಕಿಯಾಗಿತ್ತು, ಹೀರೋ ಬೇರೆ ದೇಶಕ್ಕೆ ಹೋಗಿದ್ದ. ಡೈರೆಕ್ಟರು ಕೂಗಾಡಿದರು, ನೋಟ್‌ಬುಕ್ಕು ತರಿಸಿ ಬಿಡಿಸಿದರು. ಅವಳದೇ ಗುಂಡಗಿನ ಅಕ್ಷರದಲ್ಲಿ 'ಎಡಗೈ' ಎಂದಿತ್ತು. ಎಲ್ಲರೂ ಭಾವನ ಕಡೆ ತಿರುಗಿದರು. ಭಾವ ಅವಳ ಕಡೆ ತಿರುಗಿ, "ನೀನು ಬಲಗೈ ಅಂದಿದ್ದಲ್ವೇನಮ್ಮಾ?" ಎಂದು ಕೇಳಿದರು.

"ಪುಸ್ತಕದಲ್ಲಿ ಎಡಗೈ ಅಂತ ಬರ್ದಿದೀನಿ ಭಾವ" ಎಂದಳು ಅವಳು.

ಅಷ್ಟೇ ಹೇಳಿದ್ದು. ಅದರಲ್ಲಿ ಒಂದು ಸುಳ್ಳಿಲ್ಲ. ಕೇಳಿದ್ದಕ್ಕೆ ಅದು ಉತ್ತರವೂ ಅಲ್ಲ. ಇಪ್ಪತ್ತೆಂಟು ವರ್ಷದ ಅನ್ನವನ್ನು ಅವಳು ಆ ಒಂದು ವಾಕ್ಯದ ಮೇಲೆ ಉಂಡಳು. ಎಡ ಬಲ ಗೊತ್ತಿಲ್ಲದ ಮೇಕಪ್ ಮ್ಯಾನ್ ಎಂಬ ಮಾತು ಸ್ಟುಡಿಯೋದಿಂದ ಸ್ಟುಡಿಯೋಗೆ ಹಬ್ಬಿ, ಭಾವನನ್ನು ಯಾರೂ ಕರೆಯದ ಹಾಗಾಯಿತು. ಎಲ್ಲಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಭಾವ ಅವಳನ್ನು ಅನುಮಾನಿಸುವ ಬದಲು ತಮ್ಮನ್ನೇ ಅನುಮಾನಿಸಿಕೊಂಡರು. "ನೀನು ಎಡಗೈ ಅಂತಲೇ ಹೇಳಿರ್ತೀಯಮ್ಮ. ನಾನು ಹಾಳು ಕನ್ನಡಿ ನೋಡ್ಕೊಂಡು ಕಟ್ಟಿರ್ಬೇಕು" ಎಂದು ಒಂದು ದಿನ ಅವರೇ ಬಂದು ಸಮಾಧಾನ ಹೇಳಿದರು. ಅವಳು ಆಗಲೂ ಬಾಯಿ ಬಿಡಲಿಲ್ಲ. ಮುಂದಿನ ತಿಂಗಳು ಭಾವ ಈ ಕ್ಷೌರದಂಗಡಿ ತೆರೆದಾಗ ಕುರ್ಚಿಯನ್ನು ತಿರುಗಿಸಿ ಹಾಕಿದರು.

ಭಾನುವಾರ ಟ್ರೇಲರ್ ಬಂತು. ಅಕ್ಕನ ಮಗಳು ಅದನ್ನು ಫೋನಿನಲ್ಲಿ ಹಾಕಿ ಊಟದ ಮೇಜಿನ ನಡುವೆ ಉಪ್ಪಿನ ಡಬ್ಬಿಗೆ ಒರಗಿಸಿಟ್ಟಳು. ಹೊಸ ಹೀರೋ ಬ್ಯಾಂಡೇಜು ಕಟ್ಟಿದ ಎಡಗೈಯಲ್ಲಿ ಬಾಗಿಲು ತಳ್ಳಿದ, ಒಳಗೆ ಬಂದಾಗ ಅದು ಬಲಗೈಯಲ್ಲಿತ್ತು. ಭಾವನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ಅಯ್ಯೋ, ಇವರೂ ಹಾಗೇ ಮಾಡಿಬಿಟ್ರಲ್ಲ!"

"ಬೇಕು ಅಂತಲೇ ಮಾಡಿರೋದಪ್ಪಾ, ಇದನ್ನ ಕೇಳಿ" ಎಂದು ಮಗಳು ಹೊಸ ಡೈರೆಕ್ಟರ ಸಂದರ್ಶನ ಹಾಕಿದಳು. ಹುಡುಗ ಕನ್ನಡಕ ಸರಿಮಾಡಿಕೊಂಡು ಹೇಳುತ್ತಿದ್ದ: ನಾಯಕ ಕೋರ್ಟಿಗೆ ಕಾಲಿಡುವ ಕ್ಷಣದಲ್ಲಿ ಅವನ ಗಾಯ ಕೈ ಬದಲಿಸುತ್ತದೆ, ಅಂದರೆ ಅಲ್ಲಿಂದಾಚೆ ಅವನು ಹೇಳುವುದೆಲ್ಲ ಸುಳ್ಳು, ಇಂಥ ಸೂಕ್ಷ್ಮವನ್ನು ಆ ಕಾಲದಲ್ಲೇ ಯೋಚಿಸಿದವರು ಯಾರೋ, ಅವರ ಕಾಲಿಗೆ ಬೀಳಬೇಕು.

"ನಾನು ಅವರಿಗೆ ಬರ್ದೆ" ಎಂದಳು ಮಗಳು, ಕಣ್ಣು ಮಿನುಗಿಸುತ್ತ. "ಕಟ್ಟಿದ್ದು ನಮ್ಮಪ್ಪ ಅಂತ. ಶುಕ್ರವಾರ ಮೊದಲ ಶೋಗೆ ನಿಮ್ಮನ್ನ ವೇದಿಕೆಗೆ ಕರೀತಾರಂತೆ. ಐಡಿಯಾ ನಂದೇ ಅಂದ್ಬಿಡಿ ಅಪ್ಪಾ, ಯಾರು ಬಂದು ಕೇಳ್ತಾರೆ?"

"ಹೂಂ ಅಂದ್ಬಿಡಿ" ಎಂದಳು ಅಕ್ಕ. "ಜೀವಮಾನವೆಲ್ಲ ಎಡ ಬಲ ಗೊತ್ತಿಲ್ಲದ ಗಂಡ ಅಂತ ನಾನೂ ಬೈದಿದೀನಿ. ಒಂದು ಚಪ್ಪಾಳೆನಾದ್ರೂ ಬೀಳ್ಲಿ."

ಭಾವ ತಟ್ಟೆಗೆ ಬಿದ್ದ ತುತ್ತನ್ನು ಮತ್ತೆ ಕಲಸಿ ಬಾಯಿಗಿಟ್ಟುಕೊಂಡರು. "ಹೋಗ್ತೀನಿ" ಎಂದರು ಕೊನೆಗೆ. "ಆದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಇದು ಬುದ್ಧಿವಂತಿಕೆ ಅಲ್ಲಪ್ಪಾ, ನನ್ನ ತಪ್ಪು, ನಾನು ಕನ್ನಡಿ ನಂಬ್ದೆ ಅಂತ. ನನ್ನ ನಾದಿನಿ ಸರಿಯಾಗೇ ಬರ್ದಿದ್ಲು ಅಂತಲೂ ಹೇಳ್ತೀನಿ. ಇಂಥ ತಪ್ಪಿಗೆ ಹೊಗಳಿಕೆ ತಗೊಂಡ್ರೆ ಮೈಗೆ ಹತ್ತಲ್ಲ."

ಮಗಳು ಹಣೆ ಬಡಿದುಕೊಂಡಳು. ನೋಟ್‌ಬುಕ್ಕಮ್ಮ ನೀರಿನ ಲೋಟ ಕೆಳಗಿಟ್ಟಳು. ಇಷ್ಟು ದಿನ ಆ ಸುಳ್ಳು ಮನೆಯೊಳಗಿತ್ತು, ಅಂಗಡಿಯೊಳಗಿತ್ತು. ಶುಕ್ರವಾರ ಆ ಮನುಷ್ಯ ಸಾವಿರ ಜನರ ಮುಂದೆ ನಿಂತು, ತಾನು ಮಾಡದ ತಪ್ಪನ್ನು ಒಪ್ಪಿಕೊಂಡು, ಅದನ್ನು ಮಾಡಿದವಳನ್ನು ಹೊಗಳಿ ಬರುತ್ತಾನೆ. ಅದನ್ನು ಅವಳು ಮೊದಲ ಸಾಲಿನಲ್ಲಿ ಕೂತು ನೋಡಬೇಕು.

ಸೋಮವಾರ ಹೇಳಬೇಕೆಂದುಕೊಂಡಳು, ಡಬ್ಬಿ ಕೊಟ್ಟು ಬಂದಳು. ಮಂಗಳವಾರ, ಬುಧವಾರವೂ ಅದೇ ಹಾಡು. ಅಂಗಡಿಯಲ್ಲಿ ಜನ, ಬಾಯಿ ತೆರೆದರೆ ಮೇಷ್ಟ್ರ ಕೆಮ್ಮು, ದರ್ಜಿಯ ನಗು. ಅವಳಿಗೆ ತನ್ನ ಮೇಲೇ ಅಸಹ್ಯ ಬಂತು.

ಗುರುವಾರ ಮಧ್ಯಾಹ್ನ ಅಂಗಡಿಯಲ್ಲಿ ಭಾವ ಒಬ್ಬರೇ ಇದ್ದರು. ನಾಳೆಗೆಂದು ತಮ್ಮ ಮೀಸೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದರು, ಕನ್ನಡಿಗೆ ಬೆನ್ನು ಹಾಕಿ, ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತ. ಒಂದು ಕಡೆ ಆಗಲೇ ಗಿಡ್ಡವಾಗಿತ್ತು.

"ಬಾಮ್ಮ, ಒಳ್ಳೆ ಹೊತ್ತಿಗೆ ಬಂದೆ" ಎಂದರು. "ನಾಳೆ ವೇದಿಕೆ ಮೇಲೆ ತಡವರಿಸ್ಬಾರದು ನೋಡು. ಅವತ್ತು ನಾನು ಕೋಣೆಯಿಂದ ತಲೆ ಹೊರಗೆ ಹಾಕ್ದೆ, ಯಾವ ಕೈ ಅಂತ ಕೇಳ್ದೆ. ಅಲ್ಲಿವರೆಗೂ ನೆನಪಿದೆ. ನೀನು ಹೇಗೆ ಹೇಳ್ದೆ ಅದನ್ನ? ಸರಿಯಾಗಿ ಹೇಳು, ಹಾಗೇ ಹೇಳ್ತೀನಿ. ಯಾವ ಕೈ ಅಂದೆ?"

ಅದೇ ಪ್ರಶ್ನೆ, ಅದೇ ಬಾಯಲ್ಲಿ. ಡಬ್ಬಿಯ ಹಿಡಿ ಅವಳ ಬೆರಳಿಗೆ ಒತ್ತುತ್ತಿತ್ತು.

"ಬಲಗೈ ಅಂದೆ, ಭಾವ."

ಭಾವ ನಕ್ಕರು. "ತಮಾಷೆ ಬೇಡ."

"ಪುಸ್ತಕ ತೆಗೀಲಿಲ್ಲ ನಾನು. ಟೀ ಕುಡೀತಾ ಕೂತಿದ್ದೆ. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ನೀವು ನಾನು ಹೇಳಿದ ಕೈಗೇ ಕಟ್ಟಿದ್ರಿ. ಕನ್ನಡಿದೇನೂ ಇರ್ಲಿಲ್ಲ." ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡಳು. "ಕೆಲಸ ಹೋಗುತ್ತೆ ಅಂತ ಹೆದರಿದ್ದೆ. ಆಮೇಲೆ... ಆಮೇಲೆ ಹೇಳೋ ಮುಖ ಇರ್ಲಿಲ್ಲ."

ಬೀದಿಯಲ್ಲಿ ಒಂದು ಲಾರಿ ಹೋಯಿತು, ಕನ್ನಡಿ ಸಣ್ಣಗೆ ನಡುಗಿತು. ಭಾವ ಬೈಯುತ್ತಾರೆಂದು ಅವಳು ಕಾದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ಅವರು ಕತ್ತರಿಯನ್ನು ಕೆಳಗಿಟ್ಟು, ಕುರ್ಚಿಯ ಹತ್ತಿರ ಹೋಗಿ, ಎರಡೂ ಕೈಯಲ್ಲಿ ಅದರ ತೋಳು ಹಿಡಿದು ತಿರುಗಿಸತೊಡಗಿದರು. ತುಕ್ಕು ಹಿಡಿದ ಬುಡ ಕಿರ್ರೆಂದಿತು. ಅವಳು ಕೈಹಾಕಲು ಹೋದಳು, "ಬಿಡು" ಎಂದರು. ಕುರ್ಚಿ ಕನ್ನಡಿಯ ಕಡೆ ತಿರುಗುವ ಹೊತ್ತಿಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು.

ಅಷ್ಟರಲ್ಲಿ ಮೇಷ್ಟ್ರು ಗಡ್ಡ ತೆಗೆಸಲು ಬಂದರು. ಕುರ್ಚಿ ನೋಡಿ, "ಏನ್ರೀ ಇದು, ಅಂಗಡಿಯೂ ರೀಮೇಕಾ?" ಎಂದರು. ಭಾವ ಕುರ್ಚಿಯತ್ತ ಕೈ ತೋರಿಸಿದರು, ಮೇಷ್ಟ್ರು ಕೂತರು. ಭಾವ ಹಿಂದೆ ನಿಂತು ನೊರೆ ಹಚ್ಚಿ, ಕತ್ತಿ ಹಿಡಿದು, ಕನ್ನಡಿಯಲ್ಲಿ ಮೇಷ್ಟ್ರ ಮುಖ ನೋಡಿದರು. ಕತ್ತಿ ಎಡಗೆನ್ನೆಗೆ ಹೊರಟು ಬಲಗೆನ್ನೆಯ ಹತ್ತಿರ ನಿಂತಿತು. ಮತ್ತೆ ಹೊರಟಿತು, ಮತ್ತೆ ನಿಂತಿತು. ಒಂದು ಕಾಲಕ್ಕೆ ಕನ್ನಡಿ ನೋಡಿಕೊಂಡು ಹೀರೋಗಳ ಹುಬ್ಬಿನ ಒಂದೊಂದು ಕೂದಲನ್ನು ತಿದ್ದಿದ ಕೈ ಅದು. ಮೂರನೆಯ ಸಲ ಮೇಷ್ಟ್ರ ಕಿವಿಯ ಕೆಳಗೆ ಸಣ್ಣ ಕೆಂಪು ಗೆರೆ ಮೂಡಿತು.

"ಏಳಿ ಮೇಷ್ಟ್ರೇ" ಎಂದರು ಭಾವ ಮೆಲ್ಲಗೆ. "ನನಗೆ ಇದರಲ್ಲಿ ಬರಲ್ಲ. ಮರೆತೋಗಿದೆ."

ನೊರೆ ಮೆತ್ತಿಕೊಂಡೇ ಮೇಷ್ಟ್ರು ಎದ್ದು ನಿಂತರು. ಕುರ್ಚಿ ಮತ್ತೆ ಕಿರ್ರೆನ್ನುತ್ತ ಬೀದಿಯ ಕಡೆ ತಿರುಗಿತು. ನೋಟ್‌ಬುಕ್ಕಮ್ಮ ಬೆಂಚಿನ ಮೇಲೆ ಡಬ್ಬಿಯಿಟ್ಟು ಸೆರಗಿನಿಂದ ಬಾಯಿ ಒತ್ತಿ ಹಿಡಿದಿದ್ದಳು.

ಭಾವ ಅವಳ ಕಡೆ ನೋಡದೆ ಮೇಷ್ಟ್ರ ಗಾಯಕ್ಕೆ ಹತ್ತಿ ಒತ್ತಿದರು.

"ನಾಳೆ ನಾನು ಬರಲ್ಲ" ಎಂದರು. "ವೇದಿಕೆ ಮೇಲೆ ನೀನು ಹೋಗು. ಯಾವ ಕೈ ಅಂತ ಅಲ್ಲಿ ಹೇಳು. ಅದಕ್ಕೂ ಮೊದಲು ಮನೆಗೆ ಹೋಗಿ ನಿಮ್ಮಕ್ಕನಿಗೆ ಹೇಳು."

ಆಮೇಲೆ ಮೇಷ್ಟ್ರ ಗಲ್ಲ ಮುಟ್ಟಿ, ಎಂದಿನಂತೆ ಕೇಳಿದರು: "ಈ ಕಡೆಯಿಂದ ಶುರು ಮಾಡ್ಲಾ? ಈ ಕಡೆನೇ ತಾನೆ?"

ಅವಳು ಮನೆಯ ಕಡೆ ಹೊರಟಳು.