ಕೇಳಿದವರಿಗೆ ಇಲ್ಲವೆನ್ನದ ಕೆಂಚಯ್ಯ

ಕೂಟಗಲ್ಲಿನ ಕೆಂಚಯ್ಯನವರು ಕಡುಬೇಸಿಗೆಯಲ್ಲೂ ಕರಿಯ ಉಣ್ಣೆಯ ಕೋಟು ಬಿಚ್ಚುತ್ತಿರಲಿಲ್ಲ. ಅದರ ಬಲಜೇಬನ್ನು ಅಂಗೈಯಿಂದ ಒತ್ತಿ ಹಿಡಿದು, ಒಂದು ಕಡೆಗೆ ವಾಲಿಕೊಂಡೇ ನಡೆಯುತ್ತಿದ್ದರು. ಜೇಬಿನಲ್ಲಿರುತ್ತಿದ್ದದ್ದು ಬೂದಿ ಸವರಿ ಒಣಗಿಸಿದ ಒಂದು ಹಿಡಿ ಬದನೆಬೀಜ. ಮೊದಲ ಕಾಯಿಗೆ ದಾರ ಕಟ್ಟಿ ಗಿಡದಲ್ಲೇ ಹಣ್ಣಾಗಲು ಬಿಡುವುದು, ಬೀಜ ಕೇಳಿದವರಿಗೆ ಇಲ್ಲವೆನ್ನದಿರುವುದು, ತನ್ನದು ಕೆಟ್ಟರೆ ಪಡೆದವರ ಮನೆಯಿಂದ ಮರಳಿ ತರುವುದು, ಇದು ತಾಯಿಯಿಂದ ಬಂದ ವ್ರತ.

ಅವರ ಮಾತು ಶುರುವಾಗುತ್ತಿದ್ದುದೇ "ಒಸಿ ಕೇಳಿ" ಎಂದು. ಒಸಿ, ಎಂದರೆ ಸ್ವಲ್ಪವೇ, ಕೇಳಿ ಪಾರಾದವರನ್ನು ಮಾತ್ರ ನಾನು ಕಂಡಿಲ್ಲ. ಪಕ್ಕದ ಹೊಲದವನೂ ಮೇಷ್ಟರೂ ಆದ ನನಗಂತೂ ಬಿಡುಗಡೆಯೇ ಇರಲಿಲ್ಲ.

ಕುಲಾಂತರಿ ಬದನೆಯ ಬಗ್ಗೆ ಜನಾಭಿಪ್ರಾಯ ಕೇಳಲು ಸರ್ಕಾರ ಬೆಂಗಳೂರಿನಲ್ಲಿ ಸಭೆ ಕರೆದ ವರ್ಷ, ಅವರ ಗಿಡಗಳಿಗೆ ಸೊರಗು ರೋಗ ಬಂದು, ಜೇಬೂ ಬರಿದಾಗಿ, ಉಳಿದದ್ದು ದಾರ ಕಟ್ಟಿದ ಒಂದು ಬುಟ್ಟಿ ಹಣ್ಣು ಮಾತ್ರ. ಹೊಸ ಬದನೆ ಬೇಡ, ನಮ್ಮದೇ ತಳಿ ಇದೆ ಎಂದು ಸಭೆಗೆ ತೋರಿಸಲು ಅಷ್ಟನ್ನೂ ಹೊತ್ತು ಹೊರಟರು.

"ಎಲ್ಡ್ ಹಣ್ಣಾರ ಮನೇಲ್ ಮಡ್ಗೋಗಿ" ಎಂದರು ಹೆಂಡತಿ ಬೈರಮ್ಮ.

"ಒಸಿ ಕೇಳು, ತೋರ್ಸ್ಕಂಡ್ ಬತ್ತೀನಿ."

ಜೊತೆಗೆ ನಾನೂ ಹೋದೆ. ಗದ್ದಲದಲ್ಲಿ ಅವರಿಗೆ ಮಾತಿನ ಸರದಿ ಸಿಗಲಿಲ್ಲ. ಹೊರಡುವಾಗ ಅಧಿಕಾರಿಯೊಬ್ಬರು, "ನಾಟಿ ತಳಿಯೇ? ನಮಗೆ ಕೊಡಿ, ಬೀಜ ತೆಗೆದಿಡ್ತೀವಿ" ಎಂದರು. ನಾನು ಕೋಟು ಜಗ್ಗಿದೆ. ಬುಟ್ಟಿ ಆಗಲೇ ಕೈ ದಾಟಿತ್ತು.

"ಕೇಳ್ದೋರ್ಗೆ ಇಲ್ಲ ಅನ್ನಕ್ಕಾಯ್ತದಾ ಮೇಷ್ಟ್ರೇ?" ಎಂದರು ಬಸ್ಸಿನಲ್ಲಿ.

ಕೆಲವೇ ದಿನಗಳಲ್ಲಿ ಸರ್ಕಾರ ಆ ಹೊಸ ಬದನೆಯನ್ನು ತಡೆಹಿಡಿಯಿತು. "ಗೆದ್ಬುಟ್ರಲ್ಲಾ" ಎಂದು ಊರವರು ಅಭಿನಂದಿಸಿದರು. ಗೆದ್ದವರು ಸಸಿಮಡಿ ಸಿದ್ಧಮಾಡಿ, ಬೀಜಕ್ಕಾಗಿ ಆ ಅಧಿಕಾರಿಯ ಕಚೇರಿಗೆ ಹೋದರು. ಹಣ್ಣು ಮೂಲೆಯಲ್ಲೇ ಕೊಳೆತು ನಾರಿತೆಂದು ಅಲ್ಲಿಯವರು ಎಸೆದಿದ್ದರು. ಕೆಂಚಯ್ಯನವರು ಸಿಟ್ಟು ಮಾಡದೆ, ತಾವು ಹಿಂದೆ ಬೀಜ ಕೊಟ್ಟಿದ್ದ ಮನೆಗಳನ್ನು ಸುತ್ತತೊಡಗಿದರು. ವಿರೂಪಾಕ್ಷಿಪುರದಲ್ಲಿ ಎಲ್ಲರೂ ಅಂಗಡಿಯ ಹೈಬ್ರಿಡ್ ಪೊಟ್ಟಣಕ್ಕೆ ತಿರುಗಿಯಾಗಿತ್ತು. ಬೈರಮಂಗಲದ ಕಡೆ ಅವರ ಬದನೆ ಬೆಳೆಯುತ್ತಿದ್ದ ಹೊಲಕ್ಕೆ ಕಾರ್ಖಾನೆಯ ಕಾಂಪೌಂಡು ಬಂದಿತ್ತು. ಗೇಟಿನವನು ಒಳಗೇ ಬಿಡಲಿಲ್ಲ. ಊರಿಗೆ ಮರಳಿದವರು ಕೋಟು ಕಳಚಿ ಗೂಟಕ್ಕೆ ಹಾಕಿದರು. ಅಂದಿನಿಂದ ನೆಟ್ಟಗೆ ನಡೆದರು. ಆ ನೆಟ್ಟನೆಯ ನಡಿಗೆಯನ್ನು ನೋಡುವುದು ನನ್ನಿಂದಾಗುತ್ತಿರಲಿಲ್ಲ. "ಒಸಿ ಕೇಳಿ" ಎನ್ನುವುದನ್ನೂ ಬಿಟ್ಟಿದ್ದರು.

ಇಂಥವರಿಗೆ ಸ್ವಂತ ಉಗ್ರಾಣವಿರುವುದಿಲ್ಲ. ಕೊಟ್ಟದ್ದೆಲ್ಲ ಯಾರದೋ ಹಿತ್ತಲಲ್ಲಿ ಬದುಕಿರುತ್ತದೆಂಬ ನಂಬಿಕೆಯಲ್ಲೇ ಜನ್ಮ ಸವೆಸುತ್ತಾರೆ. ಅವರು ಬೇಡವೆಂದದ್ದನ್ನು ಸರ್ಕಾರ ಒಮ್ಮೊಮ್ಮೆ ನಿಲ್ಲಿಸಬಲ್ಲದು. ಅವರು ಬೇಕೆಂದದ್ದನ್ನು ಉಳಿಸಿಕೊಳ್ಳಬೇಕಾದವರು ನಾವಾಗಿದ್ದೆವು. ಪಕ್ಕದ ಹೊಲದಲ್ಲೇ ಇದ್ದೂ, ನಾನು ಒಮ್ಮೆಯೂ ಆ ಬೀಜ ಕೇಳಿರಲಿಲ್ಲ.