ಪೆಡಲಿನ ಹೊಳಪು

ಕಾರು ತೊಳೆಯುವುದರಲ್ಲಿ ಅವನಷ್ಟು ಕೈ ಪಳಗಿದವನು ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಜನ ಅವನ ಹೆಸರು ಮರೆತು ಫಳಫಳ ಎಂದೇ ಕರೆಯುತ್ತಿದ್ದರು. ಎದುರಿಗೆ ಸಿಕ್ಕಾಗ ಮರ್ಯಾದೆಗೆ ಒಂದು ಅಣ್ಣ ಸೇರಿಸುತ್ತಿದ್ದರು, ಅಷ್ಟೇ. ಇಪ್ಪತ್ತಾರು ವರ್ಷದಿಂದ ಒಂದೇ ಶೆಡ್ಡು, ಎರಡೇ ಬಕೆಟ್ಟು: ಒಂದು ಸೋಪಿನ ನೀರಿಗೆ, ಒಂದು ಬಟ್ಟೆ ಜಾಲಿಸುವುದಕ್ಕೆ. ಅದರ ಬಟ್ಟೆ ಇದಕ್ಕೆ ಅದ್ದಿದರೆ ಅವನ ಕೋಪ ನೆತ್ತಿಗೇರುತ್ತಿತ್ತು. ಬಿಸಿಲಿನಲ್ಲಿ ಓಡಿ ಬಂದ ಕಾರನ್ನು ತಂದು ನಿಲ್ಲಿಸಿ, ಬೇಗ ನೀರು ಹೊಡಿ ಎಂದವರಿಗೆ, ನಿಮ್ಮ ಕಾದ ತಲೆಯ ಮೇಲೆ ಮೊದಲು ಹೊಡೀತೀನಿ, ಕಾರು ಆಮೇಲೆ ನೋಡೋಣ ಎನ್ನುತ್ತಿದ್ದ. ಒಣಬಟ್ಟೆಯಿಂದ ಧೂಳು ಉಜ್ಜಿ ಬಣ್ಣಕ್ಕೆ ಗೀರು ಹಾಕಿಕೊಂಡು ಬಂದ ಒಬ್ಬ ವಕೀಲರನ್ನು ನಾಲ್ಕು ಜನರೆದುರು ಹಿಗ್ಗಾಮುಗ್ಗಾ ಬೈದದ್ದೂ ಉಂಟು. ವಕೀಲರು ಮಾತಿಲ್ಲದೆ ಬೈಸಿಕೊಂಡು, ಮುಂದಿನ ತಿಂಗಳು ಮತ್ತೆ ಅಲ್ಲಿಗೇ ಬಂದಿದ್ದರು.

ಅಂಥವನು ಈಗ ನಾಲ್ಕು ತಿಂಗಳಿಂದ ಯಾರಿಗೂ ಬೈದಿರಲಿಲ್ಲ. ಭಾವ ಸತ್ತ ದುಃಖ, ಪಾಪ, ಎಂದು ಜನ ಮಾತಾಡಿಕೊಂಡರು. ದುಃಖ ಇದ್ದದ್ದು ನಿಜ. ಅದರ ಜೊತೆಗೆ ಇನ್ನೊಂದು ಇತ್ತು, ಅದು ಅವನೊಬ್ಬನಿಗೇ ಗೊತ್ತಿತ್ತು.

ಭಾವ ಎಂದರೆ ತಂಗಿಯ ಗಂಡ, ಬಾಡಿಗೆ ಕಾರಿನ ಡ್ರೈವರು. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದು ಒಂದು ನಾಯಿಮರಿಗೂ ತಗುಲಿಸದ ಮನುಷ್ಯ. ಹಳೆಯ ಕಾರು ಮಾರಿ ಬೇರೆ ಕೊಳ್ಳುವುದೆಂದು ತೀರ್ಮಾನವಾಗಿ, ಕಾರು ಫಳಫಳನ ಶೆಡ್ಡಿಗೆ ಬಂತು. ಮಾರುವ ಕಾರಿಗೆ ಆ ಕಸುಬಿನಲ್ಲಿ ಬೇರೆಯದೇ ಅಲಂಕಾರ. ಬ್ರೇಕಿನ ಪೆಡಲಿನ ರಬ್ಬರು ಸವೆದು ಬೋಳಾಗಿದ್ದರೆ ಕಾರು ಎಷ್ಟು ಓಡಿದೆಯೆಂದು ಕೊಳ್ಳುವವರಿಗೆ ತಿಳಿದುಬಿಡುತ್ತದೆ. ಅದಕ್ಕೇ ಟಯರಿಗೆ ಹಚ್ಚುವ ಪಾಲಿಶನ್ನೇ ಪೆಡಲಿಗೂ ಹಚ್ಚಿ ಕಪ್ಪಗೆ ಮಿರಮಿರ ಮಿಂಚಿಸುತ್ತಾರೆ. ಆದರೆ ಆ ಪಾಲಿಶಿನ ಮೇಲೆ ಕಾಲಿಟ್ಟರೆ ಎಣ್ಣೆ ಚೆಲ್ಲಿದ ನೆಲದ ಹಾಗೆ ಜಾರುತ್ತದೆ. ಆದ್ದರಿಂದ ಹಾಗೆ ಹಚ್ಚಿದ ಕಾರಿನ ಸ್ಟೇರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಬೇಕು. ಕೊಳ್ಳುವವರು ನೋಡಿ ಹೋದ ಮೇಲೆ ಪೆಡಲನ್ನು ಸ್ಪಿರಿಟ್ಟಿನಿಂದ ಒರೆಸಿ, ಹೆಬ್ಬೆರಳಿನಿಂದ ಉಜ್ಜಿ ನೋಡಿ, ಆಮೇಲೆಯೇ ಬಟ್ಟೆ ಬಿಚ್ಚಬೇಕು. ಅಲ್ಲಿಯವರೆಗೆ ಯಾರೂ ಆ ಕಾರು ಓಡಿಸುವಂತಿಲ್ಲ. ಆ ಬೀದಿಯ ಶೆಡ್ಡುಗಳಿಗೆಲ್ಲ ಈ ನಿಯಮ ಕಲಿಸಿದವನೇ ಫಳಫಳ.

ಪೆಡಲು ಮಿಂಚಿಸುವ ಕೆಲಸ ಅವನಿಗೆ ಅಷ್ಟಾಗಿ ಸೇರುತ್ತಿರಲಿಲ್ಲ. ಆದರೆ ಇದು ಭಾವನ ಕಾರು, ತಂಗಿಗೆ ನಾಲ್ಕು ಕಾಸು ಹೆಚ್ಚು ಬರಲಿ ಎಂದು ಹಚ್ಚಿದ. ಹಚ್ಚಿ ಮುಗಿಸಿದಾಗ ಕೆಂಪು ಬಟ್ಟೆ ಕೈಗೆ ಸಿಗಲಿಲ್ಲ. ನಮ್ಮದೇ ಕಾರು, ಯಾರು ಮುಟ್ಟುತ್ತಾರೆ, ಟೀ ಕುಡಿದು ಬಂದು ಹುಡುಕಿದರಾಯಿತು ಎಂದುಕೊಂಡು ಎದುರಿನ ಅಂಗಡಿಗೆ ಹೋದ. ಬೇರೆಯವರ ಕಾರಾಗಿದ್ದರೆ ತನ್ನ ಟವೆಲ್ಲನ್ನಾದರೂ ಹರಿದು ಕಟ್ಟುತ್ತಿದ್ದ.

ಅಷ್ಟರಲ್ಲಿ ಶೆಡ್ಡಿಗೆ ಬಂದ ಭಾವನ ಜೇಬಿನಲ್ಲಿ ಇನ್ನೊಂದು ಕೀ ಇತ್ತು. ಹಳೆಯ ಗಿರಾಕಿಯೊಬ್ಬರು, ಸ್ಟೇಷನ್ನಿಗೆ ಬಿಟ್ಟು ಬನ್ನಿ ಎಂದು ಫೋನು ಮಾಡಿದ್ದರಂತೆ. ಫಳಫಳ ಟೀ ಲೋಟ ಕೆಳಗಿಡುವಷ್ಟರಲ್ಲಿ ಕಾರು ಶೆಡ್ಡಿನಿಂದ ಹೊರಬಂದು ತಿರುಗಿತು. ಇವನು ಕೂಗುತ್ತ ಓಡಿದ. ಭಾವ ಕಿಟಕಿಯಿಂದ ಕೈ ಬೀಸಿ ಮುಂದಕ್ಕೆ ಹೋದ. ಇವನು ಫೋನಿನ ಮೇಲೆ ಫೋನು ಮಾಡಿದ. ಕಾರು ಓಡಿಸುವಾಗ ಫೋನು ಎತ್ತುವ ಅಭ್ಯಾಸ ಭಾವನಿಗೆ ಇರಲಿಲ್ಲ, ಅಷ್ಟು ಜಾಗ್ರತೆಯ ಮನುಷ್ಯ. ಮೆತ್ತಗೆ ತುಳಿದಾಗಲೆಲ್ಲ ಬ್ರೇಕು ಹಿಡಿದಿರಬೇಕು. ತಿರುವಿನಲ್ಲಿ ಕೆಟ್ಟು ನಿಂತಿದ್ದ ಲಾರಿ ಕಂಡು ಜೋರಾಗಿ ತುಳಿದಾಗ ಹಿಡಿಯಲಿಲ್ಲ. ಗಿರಾಕಿ ಇನ್ನೂ ಹತ್ತಿರಲಿಲ್ಲ, ಅದೊಂದು ಪುಣ್ಯ. ಆಸ್ಪತ್ರೆಯಲ್ಲಿ ಹೆಂಡತಿಯ ಮುಖ ನೋಡಿ ಭಾವ ಆಡಿದ್ದು ಒಂದೇ ಮಾತು: ಕಾಲು ಜಾರಿತು. ಸಂಜೆಯೊಳಗೆ ಎಲ್ಲ ಮುಗಿದಿತ್ತು.

ಜಜ್ಜಿಹೋದ ಕಾರನ್ನು ಎಳೆದು ತಂದು ಇವನ ಶೆಡ್ಡಿನಲ್ಲೇ ಬಿಟ್ಟರು. ಮಾರನೆಯ ದಿನ ಅಪಘಾತದ ತಪಾಸಣೆಯವರು ಬರುವ ಮೊದಲು ಅವನು ಸ್ಪಿರಿಟ್ಟಿನ ಬಾಟಲಿ ಹಿಡಿದು, ಮುರಿದ ಬಾಗಿಲಿನ ಸಂದಿಯಿಂದ ಕೈ ತೂರಿಸಿ, ಪೆಡಲು ಒರೆಸಿದ. ಕೈ ತನ್ನಷ್ಟಕ್ಕೆ ತಾನೇ ಹೋಯಿತು ಎಂದು ಆಮೇಲೆ ಎಷ್ಟೋ ಸಲ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಅದು ಸುಳ್ಳು. ಅವನು ಹೆದರಿದ್ದ. ತಪಾಸಣೆಯವರು ಬಂದು, ಬ್ರೇಕು ಸರಿಯಾಗಿದೆ, ಚಾಲಕನ ಅಜಾಗರೂಕತೆ ಎಂದು ಬರೆದುಕೊಂಡರು. ಇವನು ಪಕ್ಕದಲ್ಲೇ ನಿಂತು ಅವರಿಗೆ ಕೈ ತೊಳೆಯಲು ನೀರು ಕೊಟ್ಟ.

ತಂಗಿಯ ಮಗಳಿಗೆ ಇಪ್ಪತ್ತೆರಡು ವರ್ಷವಾಗಿದ್ದರೂ ಮನೆಯಲ್ಲಿ ಇನ್ನೂ ಪುಟ್ಟಿಯೇ. ಒಂದು ಆಸ್ಪತ್ರೆಯ ನರ್ಸುಗಳನ್ನು ಮನೆಯಿಂದ ಕರೆತಂದು ಬಿಡುವ ಕಾರಿಗೆ ಡ್ರೈವರು ಬೇಕಾಗಿದ್ದರು, ಹೆಂಗಸಾದರೆ ಒಳ್ಳೆಯದು ಎಂದಿದ್ದರು. ಪುಟ್ಟಿ ತಾನು ಹೋಗುತ್ತೇನೆಂದು ಹಟ ಹಿಡಿದಳು. ಕಾರು ಓಡಿಸುವ ಮಾತೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ ತಾಯಿ ಹದಿನೈದು ದಿನ ಮಾತು ಬಿಟ್ಟು, ಕೊನೆಗೆ ಅಣ್ಣ ಕಲಿಸುವುದಾದರೆ ಮಾತ್ರ ಸರಿ, ಬೇರೆ ಯಾರನ್ನೂ ನಾನು ನಂಬುವುದಿಲ್ಲ ಎಂದಳು. ಆ ಮಾತು ಕೇಳಿದ ದಿನ ಫಳಫಳ ಅರ್ಧ ಊಟಕ್ಕೇ ಎದ್ದುಹೋದ.

ಆದರೂ ಕಲಿಸಲು ನಿಂತ. ಮಾರುಕಟ್ಟೆಯ ಹಿಂದಿನ ಖಾಲಿ ಮೈದಾನದಲ್ಲಿ, ಬೆಳಗಿನ ಹೊತ್ತು, ತನ್ನ ಹಳೆಯ ಕಾರಿನಲ್ಲಿ. ಮೊದಲ ನಾಲ್ಕು ದಿನ ಅವಳಿಗೆ ಕೀ ಕೊಡಲೇ ಇಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ಕೆಳಗೆ ಎಣ್ಣೆ ತೊಟ್ಟಿಕ್ಕಿದೆಯೇ, ಬೆಕ್ಕು ಮಲಗಿದೆಯೇ ನೋಡಿಯೇ ಬಾಗಿಲು ತೆಗೆಯಬೇಕು ಎಂದ. ಟಯರಿನ ಗಾಳಿಯನ್ನು ಓಡುವ ಮೊದಲೇ, ತಣ್ಣಗಿರುವಾಗಲೇ ನೋಡಬೇಕು ಎಂದ. ಇಂಜಿನ್ನು ಕಾದಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡ ಮೆಕ್ಯಾನಿಕ್ಕಿನ ಕಥೆ ಹೇಳಿದ. ಕಾಲ ಬಳಿ ನೀರಿನ ಬಾಟಲಿ ಬಿಡಬಾರದು, ಉರುಳಿ ಬ್ರೇಕಿನಡಿ ಸೇರುತ್ತದೆ, ಕಾಲೊರೆಸು ಸರಿಯಾಗಿ ಕೊಕ್ಕೆಗೆ ಸಿಕ್ಕಿಸಿರಬೇಕು ಎಂದ. ಪುಟ್ಟಿ, ಮದುವೆ ಹೆಣ್ಣು ನೋಡೋದಕ್ಕೂ ಇಷ್ಟು ಪರೀಕ್ಷೆ ಇರಲ್ಲ ಮಾವ, ಎಂದು ನಕ್ಕಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನಿಗೂ ನಗು ಬಂತು.

ಐದನೆಯ ದಿನ ಕಾರಿನ ಒಳಗನ್ನು ಶುಚಿ ಮಾಡುವ ಪಾಠ. ಅವನು ಹಿಂದಿನ ಸೀಟು ಕೊಡವುತ್ತಿದ್ದಾಗ ಪುಟ್ಟಿ ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಚ್ಚಿ ಮುಗಿಸಿ ಕೆಳಗೆ ಬಗ್ಗಿದಳು.

"ಮಾವ, ಪೆಡಲು ಮಂಕಾಗಿದೆ. ಇದನ್ನೇ ಒಂಚೂರು ಹಚ್ಚಿಬಿಡ್ಲಾ?"

ಅವನು ಹಿಂದಿನಿಂದ ಬಂದು ಅವಳ ಕೈಯಲ್ಲಿದ್ದ ಬಟ್ಟೆಯನ್ನು ಕಿತ್ತುಕೊಂಡ ರಭಸಕ್ಕೆ ಅವಳ ಮೊಣಕೈ ಬಾಗಿಲಿಗೆ ಬಡಿಯಿತು. ಪೆಡಲಿಗೂ ಸ್ಟೇರಿಂಗಿಗೂ ಒಣ ಬಟ್ಟೆ ಬಿಟ್ಟು ಬೇರೇನೂ ಸೋಕಬಾರದು, ಜಾರುತ್ತದೆ ಎಂದು ತೊದಲಿದ. ಪುಟ್ಟಿ ಮೊಣಕೈ ಉಜ್ಜಿಕೊಂಡಳು. ಜಾರುವ ಮಾತು ಬಂದದ್ದೇ ಅವಳ ಮುಖ ಬೇರೆಯಾಗಿತ್ತು.

"ಅಮ್ಮ ನಿಂಗೆ ಹೇಳ್ಬೇಡ ಅಂದಿದ್ಳು ಮಾವ. ಅವತ್ತು ಅಪ್ಪಂಗೆ ಹೊಸ ಶೂ ಹಾಕಿಸಿದ್ದು ಅವಳೇ. ಕಾರು ನೋಡೋಕೆ ಜನ ಬರ್ತಾರೆ, ಹಳೇದ್ರಲ್ಲಿ ನಿಂತ್ಕೋಬೇಡಿ ಅಂತ ಬಲವಂತ ಮಾಡಿದ್ಳು. ಅದರ ಅಟ್ಟೆ ನುಣ್ಣಗಿತ್ತಂತೆ. ಅದಕ್ಕೇ ಕಾಲು ಜಾರಿದ್ದು, ನಾನೇ ಕೊಂದೆ ಅಂತಾಳೆ. ದಿನಾ ಅಂತಾಳೆ. ಸರಿಯಾಗಿ ನಿದ್ದೆ ಮಾಡಿ ನಾಲ್ಕು ತಿಂಗಳಾಯ್ತು."

ಫಳಫಳ ಕಾರಿನ ಬಾಗಿಲು ಹಿಡಿದುಕೊಂಡು ನಿಂತ. ಬಾಯಿಗೆ ಬೀಗ ಹಾಕಿಕೊಂಡರೆ ಪಾಪ ತನ್ನ ಹೊಟ್ಟೆಯಲ್ಲೇ ಇರುತ್ತದೆ, ಸುಡುವುದಾದರೆ ತನ್ನನ್ನೇ ಸುಡಲಿ ಎಂದುಕೊಂಡಿದ್ದ. ಅದು ಇಷ್ಟು ದಿನ ತಂಗಿಯ ತಲೆಯ ಮೇಲೆ ಕೂತಿತ್ತು. ಅವತ್ತಿನ ಪಾಠ ಅಲ್ಲಿಗೇ ನಿಂತಿತು.

ತಂಗಿಯದು ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಅವಳು ಮನೆಯಲ್ಲೇ ಕಾರಿನ ಸೀಟು ಕವರು ಹೊಲಿದುಕೊಡುತ್ತಿದ್ದಳು. ಅವನು ಹೋದಾಗ ಮಧ್ಯಾಹ್ನ, ಹೊಲಿಗೆ ಮಿಷನ್ನಿನ ಮುಂದೆ ಕಂದು ಬಣ್ಣದ ರೆಕ್ಸಿನ್ ಹರಡಿಕೊಂಡು ಕೂತಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಇದೇ ಮುಖವನ್ನು ವಾರಕ್ಕೆ ಮೂರು ಸಲ ನೋಡಿದ್ದೆ, ಗಂಡ ಸತ್ತ ದುಃಖ ಎಂದಷ್ಟೇ ತಿಳಿದಿದ್ದೆ ಎಂದುಕೊಂಡ. ಅವಳು ಕೂರಲು ಹೇಳಿ, ಕಾಫಿಗೆ ಎದ್ದಳು. ಬೇಡ ಎಂದ. ಮಗಳು ಹೇಗೆ ಕಲಿಯುತ್ತಿದ್ದಾಳೆ ಎಂದು ಕೇಳಿದಳು.

"ಶೂನಿಂದ ಅಲ್ಲ ಕಣಮ್ಮ" ಎಂದ. "ಪೆಡಲಿಗೆ ನಾನು ಪಾಲಿಶ್ ಹಚ್ಚಿದ್ದೆ. ಬಟ್ಟೆ ಕಟ್ಟಿರಲಿಲ್ಲ."

ಅವಳಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಆ ಕೆಂಪು ಬಟ್ಟೆಗಳಿಗೆ ಅಂಚು ಹೊಲಿದುಕೊಟ್ಟವಳೇ ಅವಳು. ಕತ್ತರಿಯನ್ನು ಮಿಷನ್ನಿನ ಮೇಲಿಟ್ಟು, ಅವನ ಮುಖವನ್ನೇ ನೋಡಿದಳು.

"ಶೂ ಹಳೇದಾಗಿದ್ರೆ?"

"ಬರಿಗಾಲಲ್ಲಿದ್ರೂ ಜಾರ್ತಿತ್ತು."

"ಹಾಗಾದ್ರೆ ನಾನಲ್ವಾ ಅಣ್ಣ?"

"ನೀನಲ್ಲಮ್ಮ. ನಾನು."

ಅವಳು ಅವನ ಎರಡೂ ಕೈ ಹಿಡಿದುಕೊಂಡು, ಅದರ ಮೇಲೆ ಹಣೆಯಿಟ್ಟು ಅತ್ತಳು. ಚಿಕ್ಕಂದಿನಲ್ಲಿ ಬಿದ್ದು ಮಂಡಿ ಒಡೆದುಕೊಂಡಾಗ ಅಳುತ್ತಿದ್ದಳಲ್ಲ, ಹಾಗೆ, ಬಾಯಿ ಬಿಟ್ಟು. ನಾನಲ್ಲ, ನಾನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅವನ ಕೈ ಪೂರ್ತಿ ಒದ್ದೆಯಾಯಿತು. ಅಷ್ಟು ಹೊತ್ತು ಅವನಿಗೆ, ಎಲ್ಲ ಸರಿಹೋಗಿಬಿಡುತ್ತದೆ ಎಂದು ಕೂಡ ಅನ್ನಿಸಿತು. ಮರೆವು ಯಾರಿಗೆ ಬರುವುದಿಲ್ಲ, ಒಡಹುಟ್ಟಿದವಳು, ಕ್ಷಮಿಸಿಬಿಡುತ್ತಾಳೆ ಎಂದು ಆಸೆಯಾಯಿತು.

ಅಳು ಇಳಿದ ಮೇಲೆ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದಳು.

"ಮತ್ತೆ ತಪಾಸಣೆಯವರಿಗೆ ಅದು ಕಾಣ್ಲಿಲ್ವಾ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲು ಮನಸ್ಸು ಬರಲಿಲ್ಲ.

"ಅವರು ಬರೋದಕ್ಕೆ ಮುಂಚೆ ಒರೆಸಿಬಿಟ್ಟೆ."

ಅವಳ ಕೈಗಳು ಅವನ ಕೈಗಳಿಂದ ನಿಧಾನವಾಗಿ ಹಿಂದಕ್ಕೆ ಹೋದವು. ಮೂವತ್ತು ವರ್ಷ ಓಡಿಸಿದವರನ್ನು ಅಜಾಗರೂಕ ಅಂತ ಬರೆಯುವಾಗ ನೀನು ಅಲ್ಲೇ ನಿಂತಿದ್ದೆಯಾ ಎಂದು ಕೇಳಿದಳು. ಹೂಂ ಎಂದ. ಆಮೇಲೆ ನಾಲ್ಕು ತಿಂಗಳು ಈ ಮನೆಗೆ ಬಂದು ನನ್ನ ಕೈಯಲ್ಲಿ ಕಾಫಿ ಕುಡಿದೆಯಾ ಎಂದಳು. ಅದಕ್ಕೂ ಹೂಂ ಎಂದ. ನಾಳೆಯೇ ತಪಾಸಣೆಯವರ ಕಚೇರಿಗೆ ಹೋಗಿ ಎಲ್ಲ ಹೇಳಿ, ಬರೆದದ್ದನ್ನು ತಿದ್ದಿಸುತ್ತೇನೆ ಎಂದು ಸೇರಿಸಿದ. ಅವಳು ತಿದ್ದಿಸು ಎಂದಳು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಬೈದಿದ್ದರೆ, ಎರಡು ಏಟು ಹೊಡೆದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಚಪ್ಪಲಿ ಮೆಟ್ಟುತ್ತಿದ್ದಾಗ ಬಾಗಿಲಿಗೆ ಬಂದಳು.

"ಪುಟ್ಟಿಗೆ ಕಲಿಸೋದು ಪೂರ್ತಿ ಮಾಡು. ನಿನ್ನಷ್ಟು ಚೆನ್ನಾಗಿ ಯಾರಿಗೂ ಬರಲ್ಲ. ಇದನ್ನೂ ನೀನೇ ಹೇಳು ಅವಳಿಗೆ, ಏನೂ ಮುಚ್ಚಿಡಬೇಡ. ಕಲಿಸಿ ಮುಗಿದ ಮೇಲೆ ನಮ್ಮ ತಂಟೆಗೆ ಬರಬೇಡ ಅಣ್ಣ."

ಮರುದಿನ ಕಚೇರಿಯಲ್ಲಿ ಎರಡು ಗಂಟೆ ಕಾದು ಎಲ್ಲ ಬರೆಸಿ, ಸಹಿ ಹಾಕಿದ. ಮುಂದೇನಾಗುತ್ತದೋ ಗೊತ್ತಿಲ್ಲ, ಕರೆದಾಗ ಬರಬೇಕು ಎಂದರು. ಅದರ ಮಾರನೆಯ ಬೆಳಿಗ್ಗೆ ಮೈದಾನದಲ್ಲಿ, ಪೆಡಲು ತೋರಿಸಿ, ಪುಟ್ಟಿಗೂ ಹೇಳಿದ. ಅವಳು ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು, ನಿನ್ನೆ ಮೊನ್ನೆ ಅಮ್ಮ ಬೆಳಗಿನವರೆಗೂ ನಿದ್ದೆ ಮಾಡಿದಳು ಎಂದಷ್ಟೇ ಹೇಳಿ, ಕೀ ಕೇಳಿದಳು. ಅಂದಿನಿಂದ ಅವಳು ನಗೆಮಾತು ಆಡಲಿಲ್ಲ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಹೇಳಿದಂತೆಯೇ ಮಾಡಿದಳು.

ಹಿಂದಕ್ಕೆ ತೆಗೆಯುವುದು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸುವುದು, ಒದ್ದೆ ರಸ್ತೆಯಲ್ಲಿ ಮುಂದಿನ ಗಾಡಿಯಿಂದ ದೂರ ಇರುವುದು, ಟಯರು ಬದಲಿಸುವುದು. ಮನಸ್ಸು ಮಾಡಿದ್ದರೆ ಇದನ್ನೆಲ್ಲ ಅವನು ಮೂರು ತಿಂಗಳು ಎಳೆಯಬಹುದಿತ್ತು. ಹುಡುಗಿ ಅಪ್ಪನ ಹಾಗೆಯೇ, ಒಂದು ಸಲ ತೋರಿಸಿದರೆ ಸಾಕಿತ್ತು. ಹತ್ತೊಂಬತ್ತನೆಯ ದಿನ ಅವಳು ಕಾರಿಗೆ ಒಂದು ಸುತ್ತು ಬಂದು, ಕನ್ನಡಿ ಸರಿಮಾಡಿ, ಬೆಲ್ಟು ಹಾಕಿಕೊಂಡು, ಒಬ್ಬಳೇ ಪೇಟೆಯ ನಡುವೆ ಹೋಗಿ ಬಂದು, ಎರಡು ಕಾರುಗಳ ಸಂದಿಯಲ್ಲಿ ನೆಟ್ಟಗೆ ನಿಲ್ಲಿಸಿದಳು. ಇಳಿದು, ಕೀ ಅವನ ಕೈಗಿಟ್ಟು, ಇನ್ನೇನಾದರೂ ಉಳಿದಿದೆಯಾ ಮಾವ ಎಂದು ಕೇಳಿದಳು.

ಅವನು ಕಾರನ್ನು ಮುಂದಿನಿಂದ ಹಿಂದಿನವರೆಗೆ ನೋಡಿದ. ಚಕ್ರ ನೇರವಾಗಿತ್ತು, ಹ್ಯಾಂಡ್‌ಬ್ರೇಕ್ ಎಳೆದಿತ್ತು, ಕಿಟಕಿಗಳೆಲ್ಲ ಮುಚ್ಚಿದ್ದವು. ಒಂದೇ ಒಂದು ತಪ್ಪು ಸಿಗಲಿ ದೇವರೇ ಎಂದು ಇನ್ನೊಂದು ಸುತ್ತು ಬಂದ.

"ಇಲ್ಲಮ್ಮ" ಎಂದ. "ಎಲ್ಲಾ ಬಂತು ನಿಂಗೆ."